ಗರಗರ ಎನ್ನುವ ಫ್ಯಾನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಲ್ಯಾಪ್‌ಟಾಪಿನ ಫ್ಯಾನ್ ಬಗ್ಗೆಯೇ ಇವೆ. ಒಂದನ್ನೊಂದು ಹೋಲುವ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಆನ್ ಮಾಡಿದ ಕೂಡಲೇ ಲ್ಯಾಪ್‌ಟಾಪ್ ಗರ್ರ್ ಎನ್ನುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಸದ್ದು ಇಳಿಯುತ್ತದೆ. ಒಳಗೆ ಧೂಳು ತುಂಬಿದೆಯೋ, ಫ್ಯಾನೇ ಹೋಗಿದೆಯೋ? ಬಿಚ್ಚದೆ ತಿಳಿಯಬಹುದೇ?

ಉತ್ತರ: ಬಹುಮಟ್ಟಿಗೆ ತಿಳಿಯಬಹುದು. ನೀವು ಹೇಳುವ ಲಕ್ಷಣ ಬೇರಿಂಗ್ (ಫ್ಯಾನಿನ ನಡುಕಡ್ಡಿ, ಅಂದರೆ ಶಾಫ್ಟ್, ಕೂತು ತಿರುಗುವ ಭಾಗ) ಒಣಗಿದ್ದಕ್ಕೆ ಹೊಂದುತ್ತದೆ. ಲ್ಯಾಪ್‌ಟಾಪ್ ಫ್ಯಾನುಗಳಲ್ಲಿ ಹೆಚ್ಚಾಗಿ ಇರುವುದು ಸ್ಲೀವ್ ಬೇರಿಂಗ್ ಅಥವಾ ಫ್ಲೂಯಿಡ್ ಬೇರಿಂಗ್. ಎರಡರಲ್ಲೂ ಶಾಫ್ಟ್ ತಿರುಗುವುದು ತೆಳ್ಳಗಿನ ಎಣ್ಣೆಯ ಪದರದ ಮೇಲೆ. ವರ್ಷಗಟ್ಟಲೆ ಕಾವು ತಿಂದು ಆ ಎಣ್ಣೆ ಆರುತ್ತದೆ, ಅಂಟಾಗುತ್ತದೆ. ಯಂತ್ರ ತಣ್ಣಗಿರುವಾಗ ಕೆರೆದ ಸದ್ದು, ಬಿಸಿಯೇರಿದಾಗ ಅಳಿದುಳಿದ ಎಣ್ಣೆ ಸಡಿಲಗೊಂಡು ಸದ್ದು ಕಡಿಮೆ. ಇದು ತಾನಾಗಿ ಸರಿಹೋಗುವುದಿಲ್ಲ, ದಿನೇದಿನೇ ಹೆಚ್ಚುತ್ತದೆ.

ಧೂಳಿನ ಸದ್ದು ಬೇರೆ ಥರ. ಅದರಲ್ಲಿ ಕೆರೆತ ಇರುವುದಿಲ್ಲ, ಫ್ಯಾನ್ ಸದಾ ಪೂರ್ತಿ ವೇಗದಲ್ಲಿ ಭೋರ್ ಎಂದು ಓಡುತ್ತಿರುತ್ತದೆ. ಆದರೆ ಗಾಳಿ ಹೊರಬರುವ ಜಾಗದಲ್ಲಿ ಕೈಯಿಟ್ಟರೆ ಉಸಿರಿನಷ್ಟೂ ಗಾಳಿ ಇರದು. ಒಂದು ತೆಳು ಕಾಗದದ ಚೂರನ್ನು ಅಲ್ಲಿ ಹಿಡಿದು ನೋಡಿ: ಸದ್ದು ಜೋರು, ಕಾಗದ ಅಲುಗುತ್ತಿಲ್ಲ ಎಂದರೆ ತಡೆ ಇರುವುದು ದಾರಿಯಲ್ಲಿ, ಫ್ಯಾನಿನಲ್ಲಲ್ಲ.

ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುತ್ತಿದ್ದರೆ ರೆಕ್ಕೆಗೆ ಏನೋ ತಾಗುತ್ತಿದೆ, ಸಾಮಾನ್ಯವಾಗಿ ಜಾಗ ತಪ್ಪಿದ ವೈರ್. ಲ್ಯಾಪ್‌ಟಾಪನ್ನು ನಿಧಾನವಾಗಿ ಓರೆ ಮಾಡಿದಾಗ ಸದ್ದು ಬದಲಾದರೆ ಶಾಫ್ಟ್ ಸವೆದು ಆಡುತ್ತಿದೆ. ಆದರೆ ಒಳಗೆ ಹಳೆಯ ಮಾದರಿಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಆನ್ ಇರುವಾಗ ಹೀಗೆ ಓರೆ ಮಾಡಬೇಡಿ. ಪುಟವನ್ನು ಮೇಲೆ ಕೆಳಗೆ ಸರಿಸಿದಾಗ ಮಾತ್ರ ಏಳುವ ಸಣ್ಣ ಕೀರಲು ಸದ್ದು ಬೋರ್ಡಿನ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯ) ಕಾಯಿಲ್‌ಗಳದ್ದು. ಅದಕ್ಕಾಗಿ ಫ್ಯಾನ್ ಬದಲಿಸಿದವರ ಹಣ ದಂಡ.

ಕೆಲವು ಯಂತ್ರಗಳು ತಾವೇ ದೂರು ಹೇಳುತ್ತವೆ. ಎಚ್‌ಪಿ ಲ್ಯಾಪ್‌ಟಾಪುಗಳಲ್ಲಿ ಆನ್ ಆಗುವಾಗ ‘ಸಿಸ್ಟಮ್ ಫ್ಯಾನ್ 90ಬಿ’ ಎಂಬ ಸಂದೇಶ ಬರುತ್ತದೆ. ಲೆನೊವೊದ ಥಿಂಕ್‌ಪ್ಯಾಡ್‌ಗಳು ‘ಫ್ಯಾನ್ ಎರರ್’ ಎಂದು ತೋರಿಸಿ ಆಫ್ ಆಗಿಬಿಡುತ್ತವೆ. ಫ್ಯಾನಿನಿಂದ ವೇಗದ ಸಂಕೇತ ಬೋರ್ಡಿಗೆ ತಲುಪುತ್ತಿಲ್ಲ ಎಂಬುದು ಎರಡರ ಅರ್ಥ. ಫ್ಯಾನ್ ನಿಂತಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು, ಧೂಳಿನ ಉಂಡೆ ರೆಕ್ಕೆಯನ್ನು ಹಿಡಿದಿರಲೂಬಹುದು. ಹೊಸ ಫ್ಯಾನ್ ತರಿಸುವ ಮೊದಲು ಒಮ್ಮೆ ತೆರೆದು ನೋಡಿ.

ಪ್ರಶ್ನೆ: ಫ್ಯಾನ್ ಬಿಚ್ಚಲು ಯಾವ ಸಲಕರಣೆ ಬೇಕು? ಮನೆಯಲ್ಲಿರುವ ಸ್ಕ್ರೂಡ್ರೈವರ್ ಸಾಕಾಗುವುದಿಲ್ಲವೇ?

ಉತ್ತರ: ಸಾಕಾಗುವುದಿಲ್ಲ, ಮೊದಲ ಸ್ಕ್ರೂನಲ್ಲೇ ಕೈಕೊಡುತ್ತದೆ. ಲ್ಯಾಪ್‌ಟಾಪಿನ ಸ್ಕ್ರೂಗಳು ಹೆಚ್ಚಾಗಿ ಎಂ2 ಮತ್ತು ಎಂ2.5 ಗಾತ್ರದವು. ಅವಕ್ಕೆ ಪಿಎಚ್0 ಮತ್ತು ಪಿಎಚ್00 (ಕೂಡು ಗುರುತಿನ ಫಿಲಿಪ್ಸ್) ಮೊನೆಯ ಒಳ್ಳೆಯ ಡ್ರೈವರ್ ಬೇಕು. ಕೆಲವು ಮಾದರಿಗಳಲ್ಲಿ ನಕ್ಷತ್ರದಾಕಾರದ ಟಿ5 ಅಥವಾ ಟಿ8 ತಲೆ ಇರುತ್ತದೆ. ಮ್ಯಾಕ್‌ಬುಕ್‌ಗಳ ತಳದ ಮುಚ್ಚಳಕ್ಕೆ ಐದು ಎಸಳಿನ ಪಿ5 ಬೇಕು. ಇದರ ಜೊತೆ ಪ್ಲಾಸ್ಟಿಕ್ ಮೀಟುಕಡ್ಡಿ, ಗಿಟಾರ್ ನುಡಿಸುವ ತೆಳು ಪಿಕ್ ಎರಡು ಮೂರು, ಮೊಂಡು ತುದಿಯ ಚಿಮಟ. ಹೀಟ್‌ಸಿಂಕ್ (ಪ್ರೊಸೆಸರಿನ ಶಾಖ ಹೀರಿ ಹೊರಗೊಯ್ಯುವ ಲೋಹದ ಭಾಗ) ಬಿಚ್ಚಬೇಕಾದರೆ ಅದರ ಅಡಿಯಲ್ಲಿ ಬಳಿಯುವ ಥರ್ಮಲ್ ಪೇಸ್ಟ್, 90 ಶೇಕಡಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್, ಎಳೆ ಬಿಡದ ಬಟ್ಟೆ.

ಸ್ಕ್ರೂ ಇಡಲು ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬಿಡಿಸಿ, ಬಿಚ್ಚಿದ ಸ್ಕ್ರೂವನ್ನು ಅದದೇ ಜಾಗದಲ್ಲಿ ಚುಚ್ಚಿಡಿ. ಇದು ಶಿಸ್ತಿನ ಮಾತಲ್ಲ. ಒಂದೇ ಮುಚ್ಚಳಕ್ಕೆ 4 ಮಿಲಿಮೀಟರಿನ ಸ್ಕ್ರೂ ಒಂದು ಕಡೆ, 8 ಮಿಲಿಮೀಟರಿನದು ಇನ್ನೊಂದು ಕಡೆ ಇರುತ್ತದೆ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅದು ಕೀಬೋರ್ಡಿನ ಪಕ್ಕ ಮೊಳಕೆಯೊಡೆದ ಹಾಗೆ ಉಬ್ಬಿ ಏಳುತ್ತದೆ, ಇಲ್ಲವೇ ಬೋರ್ಡನ್ನೇ ಚುಚ್ಚುತ್ತದೆ.

ಪ್ರಶ್ನೆ: ಎಲ್ಲ ಸ್ಕ್ರೂ ತೆಗೆದ ಮೇಲೂ ತಳದ ಮುಚ್ಚಳ ಬಿಟ್ಟುಕೊಡುತ್ತಿಲ್ಲ. ಜೋರಾಗಿ ಎಳೆಯಲು ಹೆದರಿಕೆ.

ಉತ್ತರ: ಹೆದರಿಕೆ ಒಳ್ಳೆಯದೇ. ಎಲ್ಲ ಸ್ಕ್ರೂ ತೆಗೆದಿದ್ದೀರಿ ಎಂಬುದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ರಬ್ಬರ್ ಪಾದಗಳ ಕೆಳಗೆ, ಉದ್ದನೆಯ ರಬ್ಬರ್ ಪಟ್ಟಿಯ ಅಡಿಯಲ್ಲಿ, ಸ್ಟಿಕ್ಕರ್ ಹಿಂದೆ ಒಂದೆರಡು ಅಡಗಿರುತ್ತವೆ. ಸ್ಟಿಕ್ಕರ್ ಮೇಲೆ ಬೆರಳಾಡಿಸಿದರೆ ಗುಳಿ ತಿಳಿಯುತ್ತದೆ. ರಬ್ಬರ್ ಪಟ್ಟಿಯನ್ನು ಹೇರ್ ಡ್ರೈಯರಿನಿಂದ ತುಸು ಬೆಚ್ಚಗೆ ಮಾಡಿ ಬಿಡಿಸಿದರೆ ಅಂಟು ಉಳಿಯುತ್ತದೆ, ಮತ್ತೆ ಅಂಟಿಸಬಹುದು. ಡಿವಿಡಿ ಡ್ರೈವ್ ಇರುವ ಹಳೆಯ ಮಾದರಿಗಳಲ್ಲಿ ಡ್ರೈವನ್ನು ಹೊರಗೆಳೆದ ಮೇಲೆ ಆ ಸಂದಿನಲ್ಲಿ ಇನ್ನೂ ಎರಡು ಮೂರು ಚಪ್ಪಟೆ ತಲೆಯ ಪುಟ್ಟ ಸ್ಕ್ರೂ ಕಾಣುತ್ತವೆ. ಅವನ್ನು ಮರೆತು ಮುಚ್ಚಳ ಎಳೆದು ಅಂಚು ಸೀಳಿಸಿಕೊಳ್ಳುವವರು ಬಹಳ.

ಇನ್ನೊಂದು ವಿಷಯ. ಕೆಲವು ಸ್ಕ್ರೂಗಳು ಎಷ್ಟು ತಿರುಗಿಸಿದರೂ ಹೊರಬರುವುದಿಲ್ಲ. ಅವು ಮುಚ್ಚಳಕ್ಕೇ ಅಂಟಿಕೊಂಡಿರುವಂತೆ ಮಾಡಿದವು. ಸಡಿಲವಾಗಿ ಸುಮ್ಮನೆ ತಿರುಗತೊಡಗಿದರೆ ಅದರ ಕೆಲಸ ಮುಗಿಯಿತು. ಹಿಂಜ್ ಬಳಿಯ ಇಂಥ ಸ್ಕ್ರೂ ಎಷ್ಟೋ ಮಾದರಿಗಳಲ್ಲಿ ಮುಚ್ಚಳದ ಮೂಲೆಯನ್ನು ತಾನೇ ಎರಡು ಮಿಲಿಮೀಟರ್ ಎತ್ತಿಕೊಡುತ್ತದೆ. ಆ ಸಂದಿನಿಂದಲೇ ಪಿಕ್ ತೂರಿಸಿ.

ಮುಚ್ಚಳದ ಸುತ್ತ ಪ್ಲಾಸ್ಟಿಕ್ ಕೊಂಡಿಗಳಿವೆ. ಪಿಕ್ಕನ್ನು ಒಳಗೆ ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ತೂರಿಸದೆ, ಅಂಚಿನುದ್ದಕ್ಕೂ ಸರಿಸುತ್ತಾ ಹೋದರೆ ಕೊಂಡಿಗಳು ಟಕ್ ಟಕ್ ಎಂದು ಒಂದೊಂದಾಗಿ ಬಿಡುತ್ತವೆ. ಬಿಟ್ಟ ಜಾಗ ಮತ್ತೆ ಕಚ್ಚಿಕೊಳ್ಳದಂತೆ ಇನ್ನೊಂದು ಪಿಕ್ ಅಲ್ಲೇ ನಿಲ್ಲಿಸಿ. ಲೋಹದ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಂಚಿನಲ್ಲಿ ಶಾಶ್ವತ ಗಾಯ. ಪೂರ್ತಿ ಎತ್ತುವ ಮೊದಲು ಒಂದು ಬದಿಯನ್ನು ಸ್ವಲ್ಪವೇ ಎತ್ತಿ ಒಳಗೆ ಇಣುಕಿ ನೋಡಿ. ಕೀಬೋರ್ಡ್ ಇರುವ ಮೇಲ್ಭಾಗವೇ ಮೊದಲು ಬಿಚ್ಚಿಕೊಳ್ಳುವ ಮಾದರಿಗಳಲ್ಲಿ ರಿಬ್ಬನ್ ಕೇಬಲ್‌ಗಳು ಎರಡೂ ಭಾಗಗಳನ್ನು ಬೆಸೆದಿರುತ್ತವೆ.

ಪ್ರಶ್ನೆ: ಮುಚ್ಚಳ ತೆಗೆದಿದ್ದೇನೆ, ಫ್ಯಾನ್ ಕಾಣುತ್ತಿದೆ. ಮುಂದೆ ಏನು? ಹೀಟ್‌ಸಿಂಕ್ ಕೂಡ ತೆಗೆಯಬೇಕೇ?

ಉತ್ತರ: ಎಲ್ಲಕ್ಕಿಂತ ಮೊದಲು ಬ್ಯಾಟರಿ. ಚಾರ್ಜರ್ ಕಿತ್ತು, ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಆಗಿದೆ, ಸ್ಲೀಪ್‌ನಲ್ಲಿ ಇಲ್ಲ ಎಂದು ಖಚಿತಪಡಿಸಿಕೊಂಡು, ಬ್ಯಾಟರಿಯ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ. ಕೈಯಿಂದ ಇಲ್ಲವೇ ಪ್ಲಾಸ್ಟಿಕ್ ಕಡ್ಡಿಯಿಂದ ಮಾತ್ರ. ಲೋಹದ ತುದಿ ಎರಡು ಪಿನ್ನುಗಳನ್ನು ಒಟ್ಟಿಗೆ ಮುಟ್ಟಿದರೆ ಶಾರ್ಟ್ ಆಗುತ್ತದೆ. ಬಿಡಿಸಿದ ಮೇಲೆ ಪವರ್ ಬಟನ್ ಅನ್ನು 15ರಿಂದ 20 ಸೆಕೆಂಡು ಒತ್ತಿ ಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿದುಹೋಗುತ್ತದೆ. ಥಿಂಕ್‌ಪ್ಯಾಡ್‌ಗಳಲ್ಲಿ ತೆರೆಯುವ ಮೊದಲೇ ಬಯೋಸ್‌ನ (ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳ) ಪವರ್ ವಿಭಾಗಕ್ಕೆ ಹೋಗಿ ಒಳಬ್ಯಾಟರಿಯನ್ನು ನಿಷ್ಕ್ರಿಯ ಮಾಡುವ ಆಯ್ಕೆಯಿದೆ. ಚಾರ್ಜರ್ ಮತ್ತೆ ಸಿಕ್ಕಿಸಿದಾಗ ಅದು ತಾನಾಗಿ ಜೀವ ಪಡೆಯುತ್ತದೆ. ಬ್ಯಾಟರಿ ಉಬ್ಬಿದ್ದು ಕಂಡರೆ ಫ್ಯಾನ್ ಕೆಲಸ ಅಲ್ಲಿಗೇ ನಿಲ್ಲಿಸಿ. ಉಬ್ಬಿದ ಬ್ಯಾಟರಿಯನ್ನು ಮೀಟಬಾರದು, ಚುಚ್ಚಬಾರದು, ಒತ್ತಬಾರದು. ಅದನ್ನು ತಿಳಿದವರ ಕೈಗೆ ಕೊಡಿ.

ಈಗ ಫ್ಯಾನನ್ನು ಸರಿಯಾಗಿ ನೋಡಿ. ತಾಮ್ರದ ಹೀಟ್‌ಪೈಪ್ ಎಲ್ಲಿ ಹೋಗಿದೆ ಎಂಬುದರಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಪೈಪ್ ಫ್ಯಾನಿನ ಪಕ್ಕದಲ್ಲಿ ಹಾದು ರೆಕ್ಕೆರೆಕ್ಕೆಯ ಫಿನ್‌ಗಳಿಗೆ ಸೇರಿದ್ದರೆ, ಫ್ಯಾನಿಗೆ ತನ್ನದೇ ಎರಡು ಮೂರು ಸ್ಕ್ರೂಗಳಿದ್ದರೆ, ಫ್ಯಾನ್ ಒಂದನ್ನೇ ತೆಗೆಯಬಹುದು. ಪೇಸ್ಟ್ ಮುಟ್ಟುವ ಪ್ರಮೇಯವೇ ಇಲ್ಲ. ಪೈಪ್ ಫ್ಯಾನಿನ ಮೈಮೇಲೆ ಹಾದಿದ್ದರೆ, ಅಥವಾ ಫ್ಯಾನಿನ ಲೋಹದ ಹೊದಿಕೆಯೂ ಹೀಟ್‌ಸಿಂಕೂ ಒಂದೇ ತುಂಡಾಗಿದ್ದರೆ ಇಡೀ ಜೋಡಣೆಯನ್ನು ಎತ್ತಬೇಕು. ಫ್ಯಾನ್ ಬೋರ್ಡಿನ ಅಡಿಭಾಗದಲ್ಲಿ ಇರುವ ಹಳೆಯ ಮಾದರಿಗಳೂ ಇವೆ. ಅವುಗಳಲ್ಲಿ ಬೋರ್ಡನ್ನೇ ಹೊರತೆಗೆಯದೆ ಗತಿಯಿಲ್ಲ. ಮೊದಲ ಸಲ ಬಿಚ್ಚುವವರು ಅಂಥದ್ದಕ್ಕೆ ಕೈಹಾಕದಿರುವುದು ಲೇಸು.

ಬಿಡಿ ಫ್ಯಾನ್ ತೆಗೆಯುವ ಕ್ರಮ ಹೀಗೆ. ಮೊದಲು ಒಂದು ಫೋಟೊ. ಫ್ಯಾನಿನ ಮೇಲೆ ಅಥವಾ ಬದಿಯಲ್ಲಿ ಹಾದುಹೋಗುವ ಕಪ್ಪು, ಬಿಳಿ ಅಥವಾ ಬೂದು ಬಣ್ಣದ ಸಣ್ಣ ವೈರುಗಳು ವೈಫೈ ಆಂಟೆನಾಗಳದ್ದು. ಅವನ್ನು ಕಾಲುವೆಯಂಥ ಕೊಕ್ಕೆಗಳಿಂದ ಬಿಡಿಸಿ ಪಕ್ಕಕ್ಕೆ ಸರಿಸಿದರೆ ಸಾಕು, ಕಾರ್ಡಿನಿಂದ ಕೀಳಬೇಡಿ. ಆ ಪುಟ್ಟ ಗುಂಡು ಕನೆಕ್ಟರುಗಳು ಮತ್ತೆ ಕೂರುವುದಕ್ಕೆ ಬಹಳ ಸತಾಯಿಸುತ್ತವೆ. ಆಮೇಲೆ ಫ್ಯಾನಿನ ಕನೆಕ್ಟರ್ ಬಿಡಿಸಿ (ಇದರ ವಿವರ ಮುಂದಿನ ಉತ್ತರದಲ್ಲಿದೆ). ಫ್ಯಾನಿನ ಗಾಳಿಬಾಯಿಗೂ ಫಿನ್‌ಗಳಿಗೂ ನಡುವೆ ಕಪ್ಪು ಅಥವಾ ಬೆಳ್ಳಿ ಬಣ್ಣದ ಟೇಪು ಅಂಟಿಸಿರುತ್ತಾರೆ. ಅದನ್ನು ಕತ್ತರಿಸದೆ ಒಂದು ಬದಿಯಿಂದ ನಿಧಾನ ಬಿಡಿಸಿ, ಇನ್ನೊಂದು ಬದಿಯಲ್ಲಿ ಅಂಟಿಕೊಂಡೇ ಇರಲಿ. ಕೊನೆಗೆ ಸ್ಕ್ರೂ ತೆಗೆದು, ಫ್ಯಾನನ್ನು ಫಿನ್‌ಗಳಿಂದ ತುಸು ಹಿಂದಕ್ಕೆ ಸರಿಸಿ, ಮೇಲಕ್ಕೆತ್ತಿ. ಬರದಿದ್ದರೆ ಇನ್ನೊಂದು ಸ್ಕ್ರೂ ಎಲ್ಲೋ ಉಳಿದಿದೆ. ಬಲ ಹಾಕಬೇಡಿ, ಹುಡುಕಿ.

ಫ್ಯಾನ್ ಹೊರಬಂದ ಮೇಲೆ ಫಿನ್‌ಗಳ ಒಳಮುಖವನ್ನು ನೋಡಿ. ಬಹಳ ಕಾಲ ತೆರೆಯದ ಯಂತ್ರಗಳಲ್ಲಿ ಅಲ್ಲಿ ಬೂದುಬಣ್ಣದ ಧೂಳಿನ ಹಾಸು ಒಂದೇ ತುಂಡಾಗಿ ಕೂತಿರುತ್ತದೆ. ಚಿಮಟದ ತುದಿಯಿಂದ ಮೂಲೆ ಹಿಡಿದು ಎಳೆದರೆ ಇಡಿಯಾಗಿ ಸುಲಿದು ಬರುತ್ತದೆ. ಹೊರಗಿನಿಂದ ಗಾಳಿ ಊದಿ ಸ್ವಚ್ಛ ಮಾಡಿದ್ದೇನೆ ಎನ್ನುವವರ ಲ್ಯಾಪ್‌ಟಾಪ್ ಮತ್ತೆ ಬಿಸಿಯಾಗುವುದು ಇದರಿಂದಲೇ: ಊದಿದ ಗಾಳಿ ಈ ಹಾಸನ್ನು ಫ್ಯಾನಿನ ಕಡೆಗೆ ತುಸು ದೂಡುತ್ತದೆ ಅಷ್ಟೆ, ಫ್ಯಾನ್ ಓಡಿದೊಡನೆ ಅದು ಮತ್ತೆ ಫಿನ್‌ಗೆ ಬಂದು ಅಂಟುತ್ತದೆ.

ತೆಗೆದ ಫ್ಯಾನನ್ನು ಬಿಸಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ನಡುವಿನ ಗುಂಬವನ್ನು ಬೆರಳಿಂದ ಮೇಲಕ್ಕೆ ಸ್ವಲ್ಪ ಎತ್ತಿ ಬಿಡಿ. ಕೂದಲೆಳೆಯಷ್ಟು ಎದ್ದು ಟಪ್ ಎಂದು ಮತ್ತೆ ಕೂತರೆ ಅದು ಸಹಜ, ಒಳಗಿನ ಆಯಸ್ಕಾಂತ ಅದನ್ನು ಹಿಡಿದಿಟ್ಟಿರುತ್ತದೆ. ಆದರೆ ಅಡ್ಡಡ್ಡ ಅಲ್ಲಾಡಿದರೆ, ಅಥವಾ ಬೆರಳಿಂದ ಸುತ್ತಿಸಿದಾಗ ಮರಳು ಕಚ್ಚಿದಂತೆ ತಡೆದು ತಡೆದು ನಿಂತರೆ ಬೇರಿಂಗ್ ಮುಗಿದಿದೆ. ನುಣ್ಣಗೆ ಹಲವು ಸುತ್ತು ತಿರುಗಿ ನಿಂತರೆ ದೋಷ ಧೂಳಿನದ್ದೇ ಇರಬೇಕು. ರೆಕ್ಕೆಗಳನ್ನು ಕುಂಚದಿಂದ ಒರೆಸಿ ಹಾಗೆಯೇ ಮರಳಿ ಜೋಡಿಸಿ.

ಪ್ರಶ್ನೆ: ಫ್ಯಾನಿನ ವೈರ್ ಎಳೆದಾಗ ಕನೆಕ್ಟರ್ ಸಮೇತ ಬೋರ್ಡಿನಲ್ಲಿದ್ದ ಬಿಳಿ ಪ್ಲಾಸ್ಟಿಕ್ ಭಾಗವೂ ಕಿತ್ತು ಬಂತು. ಈಗೇನು ಮಾಡಲಿ?

ಉತ್ತರ: ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಹಾನಿಯಾಗುವುದು ಇಲ್ಲೇ. ಆ ಬಿಳಿ ಭಾಗವನ್ನು ಹೆಡರ್ ಎನ್ನುತ್ತಾರೆ. ಬೋರ್ಡಿಗೆ ಅದು ನಾಲ್ಕಾರು ಸಣ್ಣ ಬೆಸುಗೆಗಳ ಬಲದ ಮೇಲೆ ನಿಂತಿರುತ್ತದೆ.

ಮೊದಲು ಬೋರ್ಡಿನ ಮೇಲೆ ಏನು ಉಳಿದಿದೆ ನೋಡಿ. ಪಿನ್ನುಗಳು ನೆಟ್ಟಗೆ ನಿಂತಿದ್ದು ಪ್ಲಾಸ್ಟಿಕ್ ಮಾತ್ರ ಕಳಚಿದ್ದರೆ ಪುಣ್ಯ. ಪ್ಲಾಸ್ಟಿಕ್ಕನ್ನು ಕನೆಕ್ಟರಿನಿಂದ ಬಿಡಿಸಿ ಪಿನ್ನುಗಳ ಮೇಲೆ ಮತ್ತೆ ನೇರವಾಗಿ ಕೂರಿಸಬಹುದು. ಪಿನ್ನುಗಳೂ ಕಿತ್ತು, ಅಡಿಯಲ್ಲಿ ಹೊಳೆಯುವ ಬೆಸುಗೆಯ ಚುಕ್ಕೆಗಳು ಕಾಣುತ್ತಿದ್ದರೆ ಸಣ್ಣ ಬೆಸುಗೆ ಮಾಡಬಲ್ಲವರು ಹೊಸ ಹೆಡರ್ ಕೂರಿಸಿ ಕೊಡುತ್ತಾರೆ. ಹೊಳಪಿನ ಬದಲು ಮಂಕಾದ ಕಂದು ಗುಳಿ ಕಂಡರೆ ತಾಮ್ರದ ಪ್ಯಾಡೇ ಎದ್ದಿದೆ. ಆಗ ತೆಳು ತಂತಿ ಎಳೆದು ಜೋಡಿಸುವ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ. ಕಿತ್ತುಬಂದ ಹೆಡರನ್ನು ಎಸೆಯಬೇಡಿ, ಪಿನ್ನುಗಳ ನಡುವಿನ ಅಂತರಕ್ಕೆ ಸರಿಹೊಂದುವ ಇನ್ನೊಂದನ್ನು ಹುಡುಕಲು ಅದೇ ಮಾದರಿ.

ಉಳಿದ ಓದುಗರಿಗೆ: ವೈರುಗಳನ್ನು ಹಿಡಿದು ಎಂದೂ ಎಳೆಯಬೇಡಿ. ಕನೆಕ್ಟರ್ ಬಿಡುವ ದಿಕ್ಕು ಯಾವುದೆಂದು ಮೊದಲು ಗುರುತಿಸಿ. ವೈರುಗಳು ಬೋರ್ಡಿಗೆ ಸಮನಾಗಿ ಮಲಗಿ ಒಳಹೊಕ್ಕಿದ್ದು ಮೇಲ್ಭಾಗದಲ್ಲಿ ಹೆಡರಿನ ಪ್ಲಾಸ್ಟಿಕ್ ಮುಚ್ಚಿದ್ದರೆ ಅಡ್ಡಕ್ಕೆ, ಬೋರ್ಡಿನ ಮೈಗುಂಟ ಸರಿಸಬೇಕು. ಕನೆಕ್ಟರಿನ ಬೆನ್ನು ಮೇಲಿನಿಂದ ಬಯಲಾಗಿ ಕಾಣುತ್ತಿದ್ದರೆ ನೇರ ಮೇಲಕ್ಕೆ ಎತ್ತುವಂಥದ್ದು. ಎರಡು ಕಿವಿಗಳ ಹಿಂದೆ ಪ್ಲಾಸ್ಟಿಕ್ ಕಡ್ಡಿಯ ತುದಿಯಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅರ್ಧರ್ಧ ಮಿಲಿಮೀಟರ್ ತಳ್ಳುತ್ತಾ ಬಂದರೆ ಸದ್ದಿಲ್ಲದೆ ಬಿಡುತ್ತದೆ. ವೈರಿನ ಬದಲು ಚಪ್ಪಟೆ ರಿಬ್ಬನ್ ಇದ್ದರೆ ಹೆಡರಿಗೆ ಪುಟ್ಟ ಬಾಗಿಲಿದೆ. ಅದನ್ನು ಉಗುರಿನಿಂದ ಎತ್ತಿದ ಮೇಲೆಯೇ ರಿಬ್ಬನ್ ಎಳೆಯಿರಿ.

ಪ್ರಶ್ನೆ: ಹೀಟ್‌ಸಿಂಕ್ ಸಮೇತ ತೆಗೆಯುವಾಗ ಏನು ಎಚ್ಚರ ವಹಿಸಬೇಕು? ಹಳೆಯ ಪೇಸ್ಟ್ ಹಾಗೆಯೇ ಬಿಡಬಹುದೇ?

ಉತ್ತರ: ಬಿಡಬಾರದು. ಒಮ್ಮೆ ಎತ್ತಿದ ಪೇಸ್ಟ್ ಮತ್ತೆ ಒತ್ತಿದಾಗ ನಡುನಡುವೆ ಗಾಳಿಯ ಗುಳ್ಳೆ ಉಳಿಯುತ್ತದೆ, ಶಾಖ ದಾಟುವುದಿಲ್ಲ.

ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಎಂದು ಅಂಕಿ ಕೊರೆದಿರುತ್ತದೆ. ಬಿಚ್ಚುವಾಗ ದೊಡ್ಡ ಅಂಕಿಯಿಂದ ಚಿಕ್ಕದಕ್ಕೆ, ಬಿಗಿಯುವಾಗ ಚಿಕ್ಕದರಿಂದ ದೊಡ್ಡದಕ್ಕೆ. ಒಂದನ್ನೇ ಪೂರ್ತಿ ಬಿಚ್ಚದೆ ಒಂದು ಸುತ್ತಿಗೆ ಅರ್ಧ ತಿರುವಿನಂತೆ ಎಲ್ಲವನ್ನೂ ಸಡಿಲಿಸುತ್ತಾ ಬನ್ನಿ. ಲ್ಯಾಪ್‌ಟಾಪಿನ ಪ್ರೊಸೆಸರ್‌ಗೆ ಮೇಜಿನ ಕಂಪ್ಯೂಟರಿನ ಪ್ರೊಸೆಸರ್‌ಗಿರುವಂಥ ಲೋಹದ ಮುಚ್ಚಳ ಇರುವುದಿಲ್ಲ, ಸಿಲಿಕಾನ್ ತುಂಡು ಬರಿಮೈಯಲ್ಲಿ ಇರುತ್ತದೆ. ಭಾರ ಒಂದೇ ಮೂಲೆಗೆ ಬಿದ್ದರೆ ಆ ಮೂಲೆ ಸಿಡಿಯಬಹುದು. ಪೇಸ್ಟ್ ಗಟ್ಟಿಯಾಗಿ ಹಿಡಿದಿದ್ದರೆ ಮೇಲಕ್ಕೆ ಕೀಳದೆ ಎಡಬಲಕ್ಕೆ ತುಸು ತಿರುಚಿ. ಬಿಚ್ಚುವ ಮುಂಚೆ ಹತ್ತು ನಿಮಿಷ ಲ್ಯಾಪ್‌ಟಾಪ್ ಓಡಿಸಿ ಬೆಚ್ಚಗೆ ಮಾಡಿಕೊಂಡಿದ್ದರೆ ಇನ್ನೂ ಸಲೀಸು.

ಹಳೆಯದನ್ನು ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ಮೈಗಳಿಂದ ಒರೆಸಿ. ಹೊಸದನ್ನು ಸಿಲಿಕಾನ್ ಹೊಳಪು ಕಾಣದಷ್ಟು, ಆದರೆ ತೆಳ್ಳಗೆ ಬಳಿಯಿರಿ. ಮೂಲೆಗಳನ್ನು ಬಿಡಬೇಡಿ, ಬರಿಮೈ ಚಿಪ್ಪಿನಲ್ಲಿ ಬಿಸಿಯ ಬಿಂದು ಎಲ್ಲಿ ಬೇಕಾದರೂ ಇರಬಹುದು.

ಅಕ್ಕಪಕ್ಕದ ಮೆಮೊರಿ ಚಿಪ್ಪುಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್ ಇರುತ್ತದೆ. ಅವು 0.5, 1, 1.5 ಮಿಲಿಮೀಟರ್ ಹೀಗೆ ಬೇರೆ ಬೇರೆ ದಪ್ಪದವು. ಹರಿಯದಿದ್ದರೆ ಹಾಗೆಯೇ ಇರಲಿ. ಹರಿದರೆ ಅದೇ ದಪ್ಪದ್ದನ್ನೇ ಹಾಕಬೇಕು. ಹೆಚ್ಚು ದಪ್ಪ ಹಾಕಿದರೆ ಹೀಟ್‌ಸಿಂಕ್ ಪ್ರೊಸೆಸರ್ ಮೇಲೆ ಕೂರುವುದೇ ಇಲ್ಲ, ಹೊಸ ಫ್ಯಾನ್ ಹಾಕಿಯೂ ಮೊದಲಿಗಿಂತ ಬಿಸಿ. ಪ್ಯಾಡಿನ ಜಾಗಕ್ಕೆ ಪೇಸ್ಟ್ ಬಳಿಯುವುದೂ ತಪ್ಪು, ಅಷ್ಟು ಅಂತರವನ್ನು ಪೇಸ್ಟ್ ತುಂಬಲಾರದು.

ಹೀಟ್‌ಸಿಂಕ್ ಎತ್ತಿದಾಗ ಕನ್ನಡಿಯಂತೆ ಹೊಳೆಯುವ ಬೆಳ್ಳಿದ್ರವ ಕಂಡರೆ ಅದು ಪೇಸ್ಟ್ ಅಲ್ಲ, ಗ್ಯಾಲಿಯಂ ಬೆರೆತ ಲಿಕ್ವಿಡ್ ಮೆಟಲ್. ಕೆಲವು ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಕಾರ್ಖಾನೆಯಲ್ಲೇ ಹಾಕಿರುತ್ತಾರೆ. ಅದು ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಒಂದು ಹನಿ ಬೋರ್ಡಿಗೆ ಉರುಳಿದರೂ ಶಾರ್ಟ್. ಅಂಥ ಯಂತ್ರವನ್ನು ಓರೆ ಮಾಡದೆ, ಅಲುಗಿಸದೆ ಇಟ್ಟು ಅದನ್ನು ಬಲ್ಲವರನ್ನು ಕರೆಯಿರಿ.

ಪ್ರಶ್ನೆ: ಹೊಸ ಫ್ಯಾನ್ ನೋಡಲು ಹಳೆಯದರಂತೆಯೇ ಇದೆ, ಆದರೆ ಹಾಕಿದರೆ ತಿರುಗುತ್ತಿಲ್ಲ.

ಉತ್ತರ: ನೋಡಲು ಒಂದೇ ಥರ ಇರುವುದು ಇಲ್ಲಿ ಲೆಕ್ಕಕ್ಕಿಲ್ಲ. ಹಳೆಯ ಫ್ಯಾನಿನ ಬೆನ್ನಿನ ಸ್ಟಿಕ್ಕರ್ ಓದಿ. ಹೆಚ್ಚಿನವು 5 ವೋಲ್ಟ್‌ನವು. ಗೇಮಿಂಗ್ ಮಾದರಿಗಳಲ್ಲಿ 12 ವೋಲ್ಟ್‌ನವೂ ಇವೆ. 12 ವೋಲ್ಟಿನ ಫ್ಯಾನನ್ನು 5 ವೋಲ್ಟಿನ ಜಾಗಕ್ಕೆ ಹಾಕಿದರೆ ಅದು ಅಲುಗುವುದೇ ಇಲ್ಲ ಅಥವಾ ತೆವಳುತ್ತದೆ. ಅದರ ತಿರುವುಮುರುವು ಮಾಡಿದರೆ ಫ್ಯಾನ್ ಸುಟ್ಟುಹೋಗುತ್ತದೆ.

ಆಮೇಲೆ ವೈರುಗಳನ್ನು ಎಣಿಸಿ. ಮೂರು ವೈರಿನದ್ದರಲ್ಲಿ ಎರಡು ವಿದ್ಯುತ್ತಿಗೆ, ಒಂದು ವೇಗ ತಿಳಿಸುವುದಕ್ಕೆ. ವೇಗದ ವೈರ್ ಸಾಮಾನ್ಯವಾಗಿ ಫ್ಯಾನಿನ ಪ್ರತಿ ಸುತ್ತಿಗೂ ಎರಡು ಮಿಡಿತ ಕಳಿಸುತ್ತದೆ, ಬೋರ್ಡು ಅದನ್ನೆಣಿಸಿ ಫ್ಯಾನ್ ಬದುಕಿದೆ ಎಂದು ತಿಳಿಯುತ್ತದೆ. ನಾಲ್ಕನೆಯ ವೈರ್ ಇದ್ದರೆ ಅದು ವೇಗ ಹತೋಟಿಗೆ. ವೈರುಗಳ ಸಂಖ್ಯೆ ಸರಿಯಿದ್ದರೂ ಅವು ಕೂತ ಸಾಲು ಬೇರೆ ಇರಬಹುದು. ಬಣ್ಣ ನಂಬಿಕೊಂಡು ಪಿನ್ ಅದಲುಬದಲು ಮಾಡಬೇಡಿ, ತಯಾರಕರು ಬಣ್ಣದ ಕಟ್ಟಳೆಯನ್ನು ಒಂದೇ ಥರ ಪಾಲಿಸುವುದಿಲ್ಲ.

ಎರಡು ಫ್ಯಾನ್ ಇರುವ ಲ್ಯಾಪ್‌ಟಾಪುಗಳಲ್ಲಿ ಎಡದ್ದು ಬಲದ್ದರ ಕನ್ನಡಿಬಿಂಬ. ರೆಕ್ಕೆಗಳ ಬಾಗು, ತಿರುಗುವ ದಿಕ್ಕು ಎರಡೂ ಬೇರೆ. ಆದ್ದರಿಂದ ತರಿಸುವಾಗ ಲ್ಯಾಪ್‌ಟಾಪಿನ ಮಾದರಿ ಹೆಸರಿಗಿಂತ ಫ್ಯಾನಿನ ಭಾಗಸಂಖ್ಯೆಯನ್ನೇ ನಂಬಿ. ಒಂದೇ ಮಾದರಿ ಹೆಸರಿನಡಿ ಗ್ರಾಫಿಕ್ಸ್ ಚಿಪ್ ಇರುವ ಮತ್ತು ಇಲ್ಲದ ಯಂತ್ರಗಳಿಗೆ ಬೇರೆ ಬೇರೆ ಫ್ಯಾನ್ ಇರುವುದು ಸಾಮಾನ್ಯ. ಲೆನೊವೊದಲ್ಲಿ ಎಫ್‌ಆರ್‌ಯು ಸಂಖ್ಯೆ, ಡೆಲ್‌ನಲ್ಲಿ ಡಿಪಿ/ಎನ್ ಸಂಖ್ಯೆ, ಎಚ್‌ಪಿಯಲ್ಲಿ ಸ್ಪೇರ್ ಪಾರ್ಟ್ ಸಂಖ್ಯೆ ಎಂದು ಅಚ್ಚಾಗಿರುತ್ತದೆ.

ಇದೆಲ್ಲ ಸರಿಯಿದ್ದೂ ತಿರುಗದಿದ್ದರೆ ಗಾಬರಿಗೆ ಮೊದಲು ಕಾಯಿರಿ. ಎಷ್ಟೋ ಲ್ಯಾಪ್‌ಟಾಪುಗಳು ತಣ್ಣಗಿರುವಾಗ ಫ್ಯಾನನ್ನು ಬೇಕೆಂದೇ ನಿಲ್ಲಿಸುತ್ತವೆ. ಏನಾದರೂ ಭಾರದ ಕೆಲಸ ಕೊಟ್ಟು ಪ್ರೊಸೆಸರ್ 60–70 ಡಿಗ್ರಿ ಸೆಲ್ಸಿಯಸ್ ದಾಟಿದರೂ ನಿಂತೇ ಇದ್ದರೆ ಕನೆಕ್ಟರ್ ಪೂರ್ತಿ ಕೂತಿಲ್ಲವೇನೋ ನೋಡಿ, ಒಂದು ಕಡೆ ಅರ್ಧ ಮಿಲಿಮೀಟರ್ ಎದ್ದಿದ್ದರೂ ಸಾಕು. ಉಷ್ಣತೆ ಮತ್ತು ವೇಗ ನೋಡಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ, ಲಿನಕ್ಸ್‌ನಲ್ಲಿ ಸೆನ್ಸರ್ಸ್ ಆದೇಶ ಇದೆ.

ಲ್ಯಾಪ್‌ಟಾಪೇ ಆನ್ ಆಗದಿದ್ದರೆ ಬ್ಯಾಟರಿ ಕನೆಕ್ಟರ್ ಮರೆತಿದ್ದೀರಿ. ಹತ್ತರಲ್ಲಿ ಎಂಟು ಸಲ ಇದೇ.

ಪ್ರಶ್ನೆ: ಫ್ಯಾನಿಗೆ ಎಣ್ಣೆ ಬಿಟ್ಟರೆ ಸರಿಹೋಗುತ್ತದಂತೆ, ನಿಜವೇ?

ಉತ್ತರ: ತಾತ್ಕಾಲಿಕವಾಗಿ ನಿಜ. ಕೆಲವು ಫ್ಯಾನುಗಳಲ್ಲಿ ರೆಕ್ಕೆಚಕ್ರ ಆಯಸ್ಕಾಂತದ ಹಿಡಿತದಲ್ಲಷ್ಟೇ ಇದ್ದು, ನೇರ ಎಳೆದರೆ ಕಳಚುತ್ತದೆ. ಅಂಥದ್ದರಲ್ಲಿ ಶಾಫ್ಟ್ ಒರೆಸಿ ಒಂದೇ ಹನಿ ತೆಳು ಯಂತ್ರದೆಣ್ಣೆ ಹಾಕಿ ಕೂರಿಸಿದರೆ ಹೊಸ ಫ್ಯಾನ್ ಬರುವತನಕ ಸದ್ದಡಗುತ್ತದೆ. ಎಳೆದಾಗ ಬರದಿದ್ದರೆ ಒಳಗೆ ತಡೆಯ ಉಂಗುರ ಇದೆ, ಬಿಟ್ಟುಬಿಡಿ, ಒಡೆಯುತ್ತದೆ. ಡಬ್ಲ್ಯುಡಿ-40 ಬೇಡ. ಅದು ಉಳಿದ ಎಣ್ಣೆಯನ್ನೂ ತೊಳೆದು ತಾನೂ ಬೇಗ ಆರುತ್ತದೆ. ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಎಂದೂ ಕೆಲವರು ಕೇಳಿದ್ದಾರೆ. ಎರಡನೆಯದು ನಡೆಯುತ್ತದೆ, ಮೊದಲನೆಯದು ಅಂಟುಗಟ್ಟುತ್ತದೆ. ಶಾಫ್ಟ್ ಸವೆದು ಅಡ್ಡಡ್ಡ ಆಡುತ್ತಿದ್ದರೆ ಯಾವ ಎಣ್ಣೆಯೂ ಪ್ರಯೋಜನವಿಲ್ಲ.

ಪ್ರಶ್ನೆ: ಹೊಸ ಫ್ಯಾನ್ ಬರುವವರೆಗೆ ಫ್ಯಾನ್ ಇಲ್ಲದೆಯೇ ಬಳಸಬಹುದೇ?

ಉತ್ತರ: ಕಡತ ನಕಲು ಮಾಡಿಕೊಳ್ಳುವಂಥ ತುರ್ತಿಗೆ ಸ್ವಲ್ಪ ಹೊತ್ತು ಬಳಸಬಹುದು. ಪ್ರೊಸೆಸರ್ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ. ಮಾದರಿಗೆ ತಕ್ಕಂತೆ 95ರಿಂದ 105 ಡಿಗ್ರಿಯ ಬಳಿ ವೇಗ ತೀರಾ ಇಳಿಸುತ್ತದೆ, ಅದೂ ಸಾಲದಿದ್ದರೆ ಯಂತ್ರ ಆಫ್ ಆಗುತ್ತದೆ. ಆದರೆ ಪಕ್ಕದಲ್ಲಿರುವ ಬ್ಯಾಟರಿ ಮತ್ತು ಎಸ್‌ಎಸ್‌ಡಿ ಆ ಕಾವನ್ನು ಸುಮ್ಮನೆ ನುಂಗುತ್ತಿರುತ್ತವೆ. ಥಿಂಕ್‌ಪ್ಯಾಡ್‌ನಂಥವು ಫ್ಯಾನ್ ಇಲ್ಲದೆ ಶುರುವೇ ಆಗುವುದಿಲ್ಲ. 2020ರ ಎಂ1 ಮ್ಯಾಕ್‌ಬುಕ್ ಏರ್ ಫ್ಯಾನ್ ಇಲ್ಲದೆ ಓಡುತ್ತದಲ್ಲ ಎಂದು ಒಬ್ಬ ಓದುಗರು ಬರೆದಿದ್ದಾರೆ. ಅದು ಫ್ಯಾನ್ ಇಲ್ಲದೆಯೇ ಓಡುವಂತೆ ರೂಪಿಸಿದ ಯಂತ್ರ, ಅದರ ಹೋಲಿಕೆ ಇಲ್ಲಿ ಸಲ್ಲದು.

ಪ್ರಶ್ನೆ: ಫ್ಯಾನಿನ ಒಂದು ಸ್ಕ್ರೂನ ತಲೆ ಸವೆದು ಡ್ರೈವರ್ ಜಾರುತ್ತಿದೆ.

ಉತ್ತರ: ತಿರುಗಿಸುವುದನ್ನು ನಿಲ್ಲಿಸಿ, ಪ್ರತಿ ಜಾರುವಿಕೆಯೂ ಇನ್ನಷ್ಟು ಸವೆಸುತ್ತದೆ. ಸ್ಕ್ರೂಗಳ ಎಳೆಗೆ ನೀಲಿ ಅಂಟು ಹಚ್ಚಿರುವುದರಿಂದ ಮೊದಲ ಕಾಲು ತಿರುವೇ ಕಷ್ಟ. ಬೆಸುಗೆಕಡ್ಡಿಯ ಬಿಸಿ ತುದಿಯನ್ನು ಸ್ಕ್ರೂ ತಲೆಗೆ ಕೆಲವು ಸೆಕೆಂಡು ತಾಗಿಸಿದರೆ ಅಂಟು ಮೆತ್ತಗಾಗುತ್ತದೆ. ಸುತ್ತ ಪ್ಲಾಸ್ಟಿಕ್ ಇದ್ದರೆ ಈ ಉಪಾಯ ಬೇಡ. ಆಮೇಲೆ ತಲೆಯ ಮೇಲೆ ಅಗಲದ ರಬ್ಬರ್ ಬ್ಯಾಂಡ್ ಚೂರು ಇಟ್ಟು, ಒಂದು ಗಾತ್ರ ದೊಡ್ಡ ಮೊನೆಯಿಂದ, ತಿರುಗಿಸುವುದಕ್ಕಿಂತ ಒತ್ತುವುದಕ್ಕೆ ಹೆಚ್ಚು ಬಲ ಕೊಟ್ಟು ನಿಧಾನ ತಿರುಗಿಸಿ. ಕಟ್ ಎಂಬ ಸಣ್ಣ ಸದ್ದು ಬಂದರೆ ಅಂಟು ಬಿಟ್ಟಿತು. ತಲೆ ಎತ್ತರಿಸಿ ಕೂತಿದ್ದರೆ ಚಿಕ್ಕ ಇಕ್ಕಳದಿಂದ ಅಂಚು ಹಿಡಿದು ತಿರುಗಿಸಬಹುದು. ಡ್ರಿಲ್ ಹಿಡಿಯಬೇಡಿ. ಅದರ ಲೋಹದ ಪುಡಿ ಬೋರ್ಡಿನ ಮೇಲೆ ಉದುರಿದರೆ ಫ್ಯಾನಿನ ಜೊತೆ ಬೋರ್ಡನ್ನೂ ಬದಲಿಸಬೇಕಾದೀತು.

ಪ್ರಶ್ನೆ: ಎಲ್ಲ ಸರಿಯಾಗಿ ಜೋಡಿಸಿದೆ, ಸದ್ದಿಲ್ಲ. ಆದರೆ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತಿದೆ. ಹೀಟ್‌ಸಿಂಕ್ ಮುಟ್ಟಿಲ್ಲ.

ಉತ್ತರ: ಗಾಳಿಬಾಯಿಯ ಟೇಪು ಮರಳಿ ಅಂಟಿಸಿದ್ದೀರಾ? ಅದು ಅಲಂಕಾರಕ್ಕಲ್ಲ. ಫ್ಯಾನಿಗೂ ಫಿನ್‌ಗೂ ನಡುವಿನ ಸಂದು ತೆರೆದಿದ್ದರೆ ಗಾಳಿಯ ಒಂದು ಪಾಲು ಫಿನ್ ದಾಟದೆ ಒಳಕ್ಕೇ ನುಗ್ಗುತ್ತದೆ, ಫ್ಯಾನ್ ಅದೇ ಬಿಸಿಗಾಳಿಯನ್ನು ಮತ್ತೆ ಹೀರುತ್ತದೆ. ಹಳೆಯ ಟೇಪಿನ ಅಂಟು ಹೋಗಿದ್ದರೆ ಶಾಖ ತಡೆಯುವ ಪಾಲಿಮೈಡ್ ಟೇಪು ಅಥವಾ ಅಲ್ಯೂಮಿನಿಯಮ್ ಟೇಪು ಹಾಕಿ. ಅಲ್ಯೂಮಿನಿಯಮ್ಮಿನದಾದರೆ ಅಂಚು ಬೋರ್ಡಿನ ಯಾವ ಭಾಗಕ್ಕೂ ತಾಗದಂತೆ ಕತ್ತರಿಸಬೇಕು. ತಳದ ಮುಚ್ಚಳದ ಒಳಮೈಯಲ್ಲಿ ಗಾಳಿ ಒಳಬರುವ ಕಿಂಡಿಯ ಸುತ್ತ ಕಪ್ಪು ಸ್ಪಂಜಿನ ಅಂಚು ಇರುತ್ತದೆ, ಅದು ಮಡಚಿ ಫ್ಯಾನಿನ ಬಾಯಿ ಮುಚ್ಚಿದೆಯೇ ಎಂದೂ ನೋಡಿ. ಇವೆರಡೂ ಸರಿಯಿದ್ದರೆ ಹೀಟ್‌ಸಿಂಕಿನ ಸ್ಕ್ರೂಗಳನ್ನು 1ರಿಂದ ಶುರುಮಾಡಿ ಒಮ್ಮೆ ಮುಟ್ಟಿನೋಡಿ. ಫ್ಯಾನಿನ ಸ್ಕ್ರೂ ಎಂದುಕೊಂಡು ಅವುಗಳಲ್ಲೊಂದನ್ನು ಸಡಿಲಿಸಿರುವ ಸಾಧ್ಯತೆ ಇದೆ. ಹಾಗೆ ಆಗಿದ್ದರೆ ಬಿಗಿದಷ್ಟಕ್ಕೆ ನಿಲ್ಲಿಸದೆ ಪೇಸ್ಟನ್ನೂ ಹೊಸದಾಗಿ ಹಾಕಿ.